ಮೆಟ್ಟಿಲಿಳಿದು ಮೈದಾನಕ್ಕೆ ಬಂದ ಕಾಲೇಜು

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಶರದೃತುವಿನ ಶನಿವಾರವೆಂದರೆ ಕಾಲೇಜು ಫುಟ್‌ಬಾಲಿನ ದಿನ. ಅಲಬಾಮ ರಾಜ್ಯದಲ್ಲಂತೂ ಅದು ಊರಹಬ್ಬಕ್ಕೆ ಸಮ. ಆಡುವವರು ವಿದ್ಯಾರ್ಥಿಗಳೇ ಆದರೂ ಅಲಬಾಮ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನ ಸೇರುತ್ತಾರೆ. ಆ ತಂಡಕ್ಕೆ ಆರು ಬಾರಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ತರಬೇತುದಾರ ಪಾಲ್ 'ಬೇರ್' ಬ್ರಯಂಟ್ ಅಲ್ಲಿನವರಿಗೆ ದೇವಮಾನವನಿದ್ದಂತೆ.

ಇಂಥ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಬರ್ಮಿಂಗ್‌ಹ್ಯಾಮ್-ಸದರ್ನ್ ಎಂಬ ಪುಟ್ಟ ಕಾಲೇಜೊಂದಿತ್ತು. 2006ರ ಮೇ ತಿಂಗಳಲ್ಲಿ ಅದರ ಆಡಳಿತ ಮಂಡಳಿ ಒಟ್ಟಿಗೇ ಎರಡು ನಿರ್ಧಾರಗಳನ್ನು ಕೈಗೊಂಡಿತು. ಒಂದು, ಕ್ರೀಡೆಯಲ್ಲಿ ಅತ್ಯುನ್ನತವಾದ ಒಂದನೇ ವಿಭಾಗವನ್ನು ಬಿಟ್ಟು ಮೂರನೇ ವಿಭಾಗಕ್ಕೆ ಇಳಿಯುವುದು. ಎರಡು, ಕಾಲೇಜಿನಲ್ಲಿ ಆಗ ಇಲ್ಲದೇ ಇದ್ದ ಫುಟ್‌ಬಾಲ್ ತಂಡವನ್ನು ಹೊಸದಾಗಿ ಕಟ್ಟುವುದು. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಖರ್ಚು ತಗ್ಗಿಸಲೆಂದು ಕೆಳಗಿಳಿಯುವವರು ಎಲ್ಲಕ್ಕಿಂತ ದುಬಾರಿಯಾದ ಆಟವನ್ನು ಕೈಗೆತ್ತಿಕೊಳ್ಳುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಅಮೆರಿಕದ ಸಣ್ಣ ಕಾಲೇಜುಗಳು ಹೇಗೆ ಬದುಕುತ್ತವೆ, ಹೇಗೆ ಸಾಯುತ್ತವೆ ಎಂಬುದೂ ತಿಳಿಯುತ್ತದೆ.

ಮೂರು ಮೆಟ್ಟಿಲುಗಳು

ಇಲ್ಲಿ ಫುಟ್‌ಬಾಲ್ ಎಂದರೆ ನಮಗೆ ಪರಿಚಿತವಾದ, ಕಾಲಿನಿಂದ ಒದ್ದಾಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ತಳ್ಳಿ ಕೆಡವಿ ಮುನ್ನುಗ್ಗುವ ಒರಟು ಆಟ. 1905ರ ಒಂದೇ ಹಂಗಾಮಿನಲ್ಲಿ ಕನಿಷ್ಠ 18 ಆಟಗಾರರು ಸತ್ತಿದ್ದರು. ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ಸುಧಾರಿಸುವಂತೆ ಹೇಳಬೇಕಾಯಿತು. ಆಗ ಎದ್ದ ಕೋಲಾಹಲದಿಂದ 1906ರಲ್ಲಿ ಹುಟ್ಟಿದ ಸಂಘವೇ ಇಂದಿನ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ, ಅಂದರೆ ಎನ್‌ಸಿಎಎ.

1973ರಲ್ಲಿ ಈ ಸಂಘ ತನ್ನ ಸದಸ್ಯ ಕಾಲೇಜುಗಳನ್ನು ಮೂರು ವಿಭಾಗಗಳಾಗಿ ಹಂಚಿತು. ಒಂದನೆಯದು ದೊಡ್ಡವರದು. ಅಲ್ಲಿ ಪ್ರತಿಭಾವಂತ ಆಟಗಾರರಿಗೆ ಶುಲ್ಕ, ಊಟ, ವಸತಿ ಎಲ್ಲವನ್ನೂ ಒಳಗೊಂಡ ಕ್ರೀಡಾ ವಿದ್ಯಾರ್ಥಿವೇತನ ದೊರೆಯುತ್ತದೆ. ದೂರದರ್ಶನದ ಹಣ, ಜನಪ್ರಿಯತೆ ಎಲ್ಲವೂ ಅಲ್ಲೇ. ಎರಡನೆಯದು ನಡುವಿನದು. ಮೂರನೆಯದು ಸಂಖ್ಯೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ನಾನೂರಕ್ಕೂ ಹೆಚ್ಚು ಕಾಲೇಜುಗಳು ಅದರಲ್ಲಿವೆ. ಅಲ್ಲಿನ ಮುಖ್ಯ ನಿಯಮ ಒಂದೇ: ಆಟದ ಕಾರಣಕ್ಕಾಗಿ ಯಾರಿಗೂ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಬಡತನವನ್ನೋ ಅಂಕಗಳನ್ನೋ ನೋಡಿ ಇತರ ವಿದ್ಯಾರ್ಥಿಗಳಿಗೆ ಕೊಡುವಂತೆಯೇ ಆಟಗಾರರಿಗೂ ನೆರವು ಕೊಡಬಹುದು, ಅಷ್ಟೇ.

ಗುಟ್ಟಿರುವುದು ಈ ನಿಯಮದಲ್ಲೇ. ಒಂದನೇ ವಿಭಾಗದಲ್ಲಿ ಆಟಗಾರ ಕಾಲೇಜಿಗೆ ಖರ್ಚಿನ ಬಾಬತ್ತು. ಮೂರನೇ ವಿಭಾಗದಲ್ಲಿ ಅದೇ ಆಟಗಾರ ಶುಲ್ಕ ಕಟ್ಟುವ ವಿದ್ಯಾರ್ಥಿ, ಅಂದರೆ ಆದಾಯ. ಬಾಸ್ಕೆಟ್‌ಬಾಲ್ ತಂಡಕ್ಕೆ ಹದಿನೈದು ಮಂದಿ ಸಾಕು. ಫುಟ್‌ಬಾಲಿನಲ್ಲಿ ಮೈದಾನದಲ್ಲಿರುವವರು ಹನ್ನೊಂದೇ ಜನರಾದರೂ ಆಕ್ರಮಣಕ್ಕೆ ಒಂದು ಪಡೆ, ರಕ್ಷಣೆಗೆ ಇನ್ನೊಂದು, ಒದೆತಕ್ಕೆ ಮತ್ತೊಂದು ಎಂದು ತಂಡ ಬೆಳೆಯುತ್ತದೆ. ನೂರರ ಆಸುಪಾಸು ಹುಡುಗರು ಬೇಕಾಗುತ್ತಾರೆ. ಒಬ್ಬೊಬ್ಬರಿಂದ ರಿಯಾಯಿತಿ ಕಳೆದು ವರ್ಷಕ್ಕೆ 15,000 ಡಾಲರ್ ಕಾಲೇಜಿಗೆ ಉಳಿಯುತ್ತದೆಂದು ಇಟ್ಟುಕೊಂಡರೂ ನೂರು ಮಂದಿಯಿಂದ 15 ಲಕ್ಷ ಡಾಲರ್ ಬಂತು. ತರಬೇತುದಾರರ ಸಂಬಳ, ಶಿರಸ್ತ್ರಾಣ, ಪ್ರಯಾಣದ ವೆಚ್ಚ ಕಳೆದರೂ ಏನಾದರೂ ಮಿಗುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರಿಗಿಂತ ಹುಡುಗರ ಸಂಖ್ಯೆ ಕಡಿಮೆಯಾಗಿ ದಶಕಗಳೇ ಆಗಿವೆ. ಹುಡುಗರನ್ನು ಸೆಳೆಯಲು ಫುಟ್‌ಬಾಲಿಗಿಂತ ಒಳ್ಳೆಯ ಉಪಾಯ ಸಣ್ಣ ಕಾಲೇಜುಗಳಿಗೆ ಕಂಡಿಲ್ಲ.

ಹಳೆಯ ಆಟ, ಹೊಸ ಲೆಕ್ಕ

ಬರ್ಮಿಂಗ್‌ಹ್ಯಾಮ್-ಸದರ್ನ್‌ಗೆ ಫುಟ್‌ಬಾಲ್ ಹೊಸತೇನಲ್ಲ. ಮೆಥಡಿಸ್ಟ್ ಕ್ರೈಸ್ತರು 1856ರಲ್ಲಿ ಗ್ರೀನ್ಸ್‌ಬರೊ ಎಂಬಲ್ಲಿ ಸ್ಥಾಪಿಸಿದ ಸದರ್ನ್ ವಿಶ್ವವಿದ್ಯಾಲಯ ಮತ್ತು 1898ರಲ್ಲಿ ಆರಂಭವಾದ ಬರ್ಮಿಂಗ್‌ಹ್ಯಾಮ್ ಕಾಲೇಜು 1918ರಲ್ಲಿ ಒಂದಾದಾಗ ಈ ಜೋಡಿ ಹೆಸರು ಬಂತು. ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿಂದ ಬೆಳೆದ ಆ ನಗರ 1927ರಲ್ಲಿ ಲೀಜನ್ ಫೀಲ್ಡ್ ಎಂಬ ದೊಡ್ಡ ಕ್ರೀಡಾಂಗಣ ಕಟ್ಟಿತು. ಅಲ್ಲಿ ನಡೆದ ಮೊಟ್ಟಮೊದಲ ಪಂದ್ಯದಲ್ಲಿ ಆಡಿದ್ದು ಈ ಕಾಲೇಜು ಮತ್ತು ಅದರ ನೆರೆಯ ಎದುರಾಳಿ ಹೊವರ್ಡ್ ಕಾಲೇಜು. ಹೊವರ್ಡ್ 9-0ಯಿಂದ ಗೆದ್ದಿತು. ಆರ್ಥಿಕ ಮುಗ್ಗಟ್ಟಿನ ದಶಕದ ಕೊನೆಯಲ್ಲಿ, 1939ರಲ್ಲಿ, ಕಾಲೇಜು ಫುಟ್‌ಬಾಲನ್ನು ನಿಲ್ಲಿಸಿತು.

ಆಮೇಲೆ ಹೆಸರು ತಂದದ್ದು ಬಾಸ್ಕೆಟ್‌ಬಾಲ್. ಸಣ್ಣ ಕಾಲೇಜುಗಳ ಇನ್ನೊಂದು ಸಂಘದಲ್ಲಿ 1990 ಮತ್ತು 1995ರಲ್ಲಿ ಅದು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2001ರಲ್ಲಿ ಬೇಸ್‌ಬಾಲ್ ತಂಡವೂ ಗೆದ್ದಿತು. ಗೆಲುವಿನ ಹುಮ್ಮಸ್ಸಿನಲ್ಲಿ ಕಾಲೇಜು ದೊಡ್ಡವರ ಸಾಲಿಗೆ ಸೇರಲು ಹೊರಟು, 2003ರಲ್ಲಿ ಒಂದನೇ ವಿಭಾಗದ ಪೂರ್ಣ ಸದಸ್ಯತ್ವ ಪಡೆಯಿತು. ಸಾವಿರದ ಚಿಲ್ಲರೆ ವಿದ್ಯಾರ್ಥಿಗಳ ಕಾಲೇಜಿಗೆ ಅದು ಆನೆ ಸಾಕಿದಂತಾಯಿತು. ಮೂರೇ ವರ್ಷಗಳಲ್ಲಿ, ಡೇವಿಡ್ ಪಾಲಿಕ್ ಅಧ್ಯಕ್ಷರಾಗಿದ್ದಾಗ, ಕೆಳಗಿಳಿಯುವ ತೀರ್ಮಾನ ಬಂತು.

ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಸಿಟ್ಟಾದರು. ಬಾಸ್ಕೆಟ್‌ಬಾಲ್ ತಂಡವನ್ನು ವರ್ಷಗಳ ಕಾಲ ಕಟ್ಟಿ ಬೆಳೆಸಿದ ತರಬೇತುದಾರ ಹೊರಟುಹೋದರು. ವಿದ್ಯಾರ್ಥಿವೇತನ ನಂಬಿ ಬಂದಿದ್ದ ಆಟಗಾರರು ಬೇರೆ ಕಾಲೇಜು ಹುಡುಕಿದರು. ಆದರೆ 2007ರ ಶರದೃತುವಿನಲ್ಲಿ, 68 ವರ್ಷಗಳ ಬಳಿಕ, ಕಾಲೇಜಿನ ಹೆಸರಿನಲ್ಲಿ ಮತ್ತೆ ಫುಟ್‌ಬಾಲ್ ನಡೆಯಿತು. ಮರುವರ್ಷ ಆವರಣದಲ್ಲೇ ಹೊಸ ಕ್ರೀಡಾಂಗಣ ತಲೆಯೆತ್ತಿತು. ಬ್ರಯಂಟ್ ಕೈಕೆಳಗೆ ಆಡಿದ್ದ ಮೊದಲ ತರಬೇತುದಾರ ಜೋಯಿ ಜೋನ್ಸ್ ಮಾತ್ರ ಒಂದೇ ಹಂಗಾಮಿನ ನಂತರ ಸೌತ್ ಅಲಬಾಮ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಯೂ ಅವರ ಕೆಲಸ ಹೊಸ ಫುಟ್‌ಬಾಲ್ ತಂಡ ಕಟ್ಟುವುದೇ. ಆದರೆ ಆ ಸಂಸ್ಥೆಯ ಕಣ್ಣು ಮೇಲಿನ ಮೆಟ್ಟಿಲಿನ ಮೇಲಿತ್ತು.

ಶಿಕಾಗೊದ ದಾರಿ

ಕೆಳಗಿಳಿಯುವುದೇ ಅವನತಿಯ ಗುರುತೆಂದು ತಿಳಿಯಬೇಕಾಗಿಲ್ಲ. ಕನ್ನಡದ ಕವಿ ಎ.ಕೆ. ರಾಮಾನುಜನ್ ಮೂರು ದಶಕ ಪಾಠ ಹೇಳಿದ ಶಿಕಾಗೊ ವಿಶ್ವವಿದ್ಯಾಲಯವನ್ನೇ ನೋಡಬಹುದು. ಒಂದು ಕಾಲಕ್ಕೆ ಅದು ಫುಟ್‌ಬಾಲಿನ ದೈತ್ಯ. ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನು 1935ರಲ್ಲಿ ಮೊದಲು ಪಡೆದ ಜೇ ಬರ್ವಾಂಗರ್ ಅಲ್ಲಿಯವರು. ಆದರೆ ವಿದ್ಯೆಯ ಜಾಗದಲ್ಲಿ ಆಟದ ಅಬ್ಬರ ಬೇಡವೆಂದ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಕಾಲದಲ್ಲಿ, ಅದೇ 1939ರಲ್ಲಿ, ಅಲ್ಲಿಯೂ ಫುಟ್‌ಬಾಲ್ ನಿಂತಿತು. ಖಾಲಿ ಬಿದ್ದ ಸ್ಟ್ಯಾಗ್ ಫೀಲ್ಡ್ ಕ್ರೀಡಾಂಗಣದ ಪ್ರೇಕ್ಷಕರ ಕಟ್ಟೆಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯ ತಂಡ ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಣಿ ಕ್ರಿಯೆಯನ್ನು ನಡೆಸಿತು. 1969ರಲ್ಲಿ ಫುಟ್‌ಬಾಲ್ ಅಲ್ಲಿಗೆ ಮರಳಿತು; ವಿಭಾಗಗಳಾದ ಮೇಲೆ ಮೂರನೆಯದರಲ್ಲಿ ನೆಲೆಯಾಯಿತು. ಅದರಿಂದ ಶಿಕಾಗೊದ ಘನತೆಗೆ ಕುಂದೇನೂ ಬರಲಿಲ್ಲ. ಆ ವಿಶ್ವವಿದ್ಯಾಲಯಕ್ಕೆ ಆಟ ಆಟವಷ್ಟೇ ಆಗಿತ್ತು. ಅದನ್ನು ನಂಬಿ ಬದುಕಬೇಕಾದ ಪ್ರಮೇಯ ಬರಲಿಲ್ಲ.

ಬರ್ಮಿಂಗ್‌ಹ್ಯಾಮ್-ಸದರ್ನ್ ಕತೆ ಹಾಗಲ್ಲ. ಅಲ್ಲಿ ಆಟದ ಮೇಲೆ ಸಂಸಾರದ ಭಾರವಿತ್ತು. ಮೊದಮೊದಲು ಹೂಡಿದ ಲೆಕ್ಕ ಫಲಿಸಿದಂತೆಯೇ ಕಂಡಿತು. 2010ರ ಹೊತ್ತಿಗೆ ವಿದ್ಯಾರ್ಥಿಗಳು ಸುಮಾರು 1,500. ಆದರೆ ಅದೇ ವರ್ಷ ಲೆಕ್ಕಪತ್ರದ ದೊಡ್ಡ ತಪ್ಪೊಂದು ಬೆಳಕಿಗೆ ಬಂತು. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಅನುದಾನವನ್ನು ವರ್ಷಗಳ ಕಾಲ ತಪ್ಪಾಗಿ ಎಣಿಸಿದ್ದರಿಂದ, ಕಾಲೇಜು ತಾನು ಭರಿಸಬಲ್ಲುದಕ್ಕಿಂತ ಹೆಚ್ಚು ಶುಲ್ಕ ರಿಯಾಯಿತಿಯನ್ನು ಹಂಚಿಬಿಟ್ಟಿತ್ತು. ಇತ್ತ ಕಟ್ಟಡಗಳಿಗೆಂದು ಮಾಡಿದ ಸಾಲ ಬೆಳೆದಿತ್ತು, 2008ರ ಆರ್ಥಿಕ ಕುಸಿತದಲ್ಲಿ ದತ್ತಿನಿಧಿ ಕರಗಿತ್ತು. ಪಾಲಿಕ್ ರಾಜೀನಾಮೆ ಕೊಟ್ಟರು. ಅನೇಕ ಅಧ್ಯಾಪಕರು ಕೆಲಸ ಕಳೆದುಕೊಂಡರು. ಫ್ರೆಂಚ್, ಜರ್ಮನ್, ನೃತ್ಯ, ಕಂಪ್ಯೂಟರ್ ವಿಜ್ಞಾನಗಳ ಜೊತೆಗೆ ಲೆಕ್ಕಶಾಸ್ತ್ರದ ಪದವಿಯೂ ಮುಚ್ಚಿತೆಂಬುದು ವಿಧಿಯ ಅಣಕ. ಫುಟ್‌ಬಾಲ್ ಮಾತ್ರ ಉಳಿಯಿತು. ಅದು ಹೋದರೆ ನೂರು ವಿದ್ಯಾರ್ಥಿಗಳ ಶುಲ್ಕವೂ ಹೋಗುತ್ತಿತ್ತು.

ಮರೀನ್ ಕೋರ್‌ನ ನಿವೃತ್ತ ದಂಡನಾಯಕ ಚಾರ್ಲ್ಸ್ ಕ್ರುಲಾಕ್ 2011ರಲ್ಲಿ ಅಧ್ಯಕ್ಷರಾಗಿ ಬಂದು, ಸಂಬಳವಿಲ್ಲದೆ ದುಡಿದರು. ಕಾಲೇಜು ಸ್ವಲ್ಪ ಚೇತರಿಸಿಕೊಂಡರೂ ಸಾಲದ ಹೊರೆ ಇಳಿಯಲಿಲ್ಲ. 2022ರ ಕೊನೆಯಲ್ಲಿ ಅದು ಅಲಬಾಮ ಸರ್ಕಾರದ ಮುಂದೆ ಮೂರು ಕೋಟಿ ಡಾಲರ್‌ಗಾಗಿ ಕೈಯೊಡ್ಡಿತು. ಸಂಕಷ್ಟದಲ್ಲಿರುವ ಕಾಲೇಜುಗಳಿಗೆ ಸಾಲ ಕೊಡಲೆಂದು ಶಾಸನಸಭೆ 2023ರಲ್ಲಿ ಕಾಯ್ದೆಯನ್ನೇನೋ ಮಾಡಿತು. ಆದರೆ ರಾಜ್ಯದ ಖಜಾಂಚಿ ಅರ್ಜಿಯನ್ನು ತಿರಸ್ಕರಿಸಿದರು. ಸುದ್ದಿ ಹಬ್ಬುತ್ತಿದ್ದಂತೆ ಹೊಸ ವಿದ್ಯಾರ್ಥಿಗಳು ಹಿಂಜರಿದರು. ಸಂಖ್ಯೆ ಏಳುನೂರರ ಆಸುಪಾಸಿಗೆ ಇಳಿಯಿತು. 2024ರ ಮಾರ್ಚ್ 26ರಂದು ಆಡಳಿತ ಮಂಡಳಿ ಕಾಲೇಜನ್ನು ಮುಚ್ಚಲು ತೀರ್ಮಾನಿಸಿತು. 2023ರ ಶರದೃತುವಿನಲ್ಲಿ ಆಡಿದ್ದೇ ಅದರ ಕೊನೆಯ ಫುಟ್‌ಬಾಲ್.

ಹಾಗಾದರೆ 2006ರ ನಿರ್ಧಾರವೇ ತಪ್ಪಾಗಿತ್ತೇ? ಹಾಗೆನ್ನಲಾಗದು. ಆರ್ಕನ್ಸಾದ ಹೆಂಡ್ರಿಕ್ಸ್, ಜಾರ್ಜಿಯದ ಬೆರಿ ಕಾಲೇಜುಗಳು 2013ರಲ್ಲಿ ಮೂರನೇ ವಿಭಾಗದಲ್ಲಿ ಫುಟ್‌ಬಾಲ್ ಶುರುಮಾಡಿದವು. ಒಂದನೇ ವಿಭಾಗದಿಂದ ಮೂರಕ್ಕಿಳಿದ ಲೂಸಿಯಾನಾದ ಸೆಂಟೆನರಿ ಕಾಲೇಜು 2024ರಲ್ಲಿ ಫುಟ್‌ಬಾಲಿಗೆ ಮರಳಿತು. ಬರ್ಮಿಂಗ್‌ಹ್ಯಾಮ್-ಸದರ್ನ್ ಮೊದಲ ವಿಭಾಗದಲ್ಲೇ ಉಳಿದಿದ್ದರೆ ಇನ್ನೂ ಬೇಗ ಕಣ್ಣುಮುಚ್ಚುತ್ತಿತ್ತೆಂದು ವಾದಿಸುವುದೂ ಸಾಧ್ಯ. ಆದರೆ ಆಟ ತರುವ ಆದಾಯಕ್ಕೊಂದು ಮಿತಿಯಿದೆ. ಹೊಸ ತಂಡ ಬಂದಾಗ ಮೊದಲ ವರ್ಷ ವಿದ್ಯಾರ್ಥಿಗಳ ಸಂಖ್ಯೆ ಏರುತ್ತದೆ, ಆಮೇಲೆ ಆ ಏರಿಕೆ ಕರಗುತ್ತದೆ ಎಂದು ಜಾರ್ಜಿಯ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ನೂರು ಹುಡುಗರ ಶುಲ್ಕದಿಂದ ಒಂದು ವಿಭಾಗದ ಸಂಬಳ ಹೊರಡಬಹುದು. ತಳ ತೂತಾದ ಕೊಡವನ್ನು ಅದು ತುಂಬಲಾರದು.

ಈ ಕತೆಗೆ ಇನ್ನೊಂದು ಕೊನೆಯೂ ಉಂಟು. ಕಾಲೇಜು ಅಧಿಕೃತವಾಗಿ ಮುಚ್ಚಿದ್ದು 2024ರ ಮೇ 31ರಂದು. ಅದೇ ದಿನ ಅದರ ಬೇಸ್‌ಬಾಲ್ ತಂಡ ಒಹಾಯೊ ರಾಜ್ಯದ ಈಸ್ಟ್‌ಲೇಕ್‌ನಲ್ಲಿ ಮೂರನೇ ವಿಭಾಗದ ರಾಷ್ಟ್ರೀಯ ಅಂತಿಮ ಸುತ್ತಿನಲ್ಲಿ ಆಡುತ್ತಿತ್ತು. ಅಂದು ಸೋತಿತು. ಮರುದಿನ, ಕಾಲೇಜೇ ಇಲ್ಲದ ತಂಡ ಕೊನೆಯ ಸರದಿಯ ಒಂದು ಭರ್ಜರಿ ಹೊಡೆತದಿಂದ ಗೆದ್ದಿತು. ಜೂನ್ 2ರಂದು ಒಂದೇ ಒಂದು ಓಟದ ಅಂತರದಿಂದ ಸೋತು ಹೊರಬಿತ್ತು. ಅಂಗಿಯ ಮೇಲೆ ಕಾಲೇಜಿನ ಹೆಸರಿತ್ತು, ಹಿಂದಿರುಗಲು ಕಾಲೇಜಿರಲಿಲ್ಲ.

ಆ ಹುಡುಗರಲ್ಲಿ ಒಬ್ಬನೂ ಕ್ರೀಡಾ ವಿದ್ಯಾರ್ಥಿವೇತನ ಪಡೆದವನಲ್ಲ. ಕೆಳಗಿನ ಮೆಟ್ಟಿಲೆಂದು 2006ರಲ್ಲಿ ಹಲವರು ಮೂಗುಮುರಿದಿದ್ದ ವಿಭಾಗದಲ್ಲೇ ಅವರು ಆಡಿದ್ದು. 168 ವರ್ಷಗಳ ಸಂಸ್ಥೆಯ ಹೆಸರನ್ನು ಅದರ ಕಟ್ಟಡಗಳಿಗಿಂತ, ಅದರ ಲೆಕ್ಕಪುಸ್ತಕಗಳಿಗಿಂತ ಎರಡು ದಿನ ಹೆಚ್ಚಿಗೆ ಉಳಿಸಿದವರು ಅವರೇ.