ಹಲಗಲಿಯ ನೆತ್ತರು, ನಮ್ಮ ಸ್ಕ್ರೀನಿನ ನೆತ್ತರು

ಟಿವಿ ಹಾಕಿ ಹತ್ತು ನಿಮಿಷ ಕೂತರೆ ಸಾಕು, ಎಷ್ಟು ರಕ್ತ ಹರಿಯುತ್ತೆ ನೋಡಿ. ಷೇರುಪೇಟೆ ಕುಸಿದರೆ ರಕ್ತಪಾತ. ಟಿಕೆಟ್ ಸಿಗದ ನಾಯಕರ ರಕ್ತ ಕುದಿಯುತ್ತೆ. ಕ್ರಿಕೆಟ್ಟಿನಲ್ಲಿ ಸೋತ ತಂಡದ ಅಭಿಮಾನಿ ರಕ್ತಕಣ್ಣೀರು ಹಾಕ್ತಾನೆ. ಅದೇ ಹೊತ್ತಿಗೆ ಕೆಳಗಿನ ಸ್ಕ್ರಾಲ್‌ನಲ್ಲಿ ಒಂದು ಸಾಲು ಓಡುತ್ತಿರುತ್ತೆ: 'ತುರ್ತಾಗಿ ಓ ನೆಗೆಟಿವ್ ರಕ್ತ ಬೇಕಾಗಿದೆ'. ಇಡೀ ಸ್ಕ್ರೀನಿನಲ್ಲಿ ನಿಜವಾದ ರಕ್ತ ಅದೊಂದೇ. ಅದನ್ನೇ ಯಾರೂ ಓದಲ್ಲ.

ಈ ಸಂಗತಿ ನನಗೆ ತಟ್ಟಿದ್ದು ಮುಧೋಳದಲ್ಲಿ. ಹಲಗಲಿ ಬೇಡರ ಬಗ್ಗೆ ವಿಶೇಷ ಕಾರ್ಯಕ್ರಮ ಮಾಡೋಕೆ ಹೋಗಿದ್ವಿ. ಸ್ಕ್ರಿಪ್ಟ್ ನನ್ನದೇ. 'ಮುಧೋಳದ ಮಣ್ಣಲ್ಲಿ ರಕ್ತದೋಕುಳಿ' ಅಂತ ಕ್ಯಾಮೆರಾ ಮುಂದೆ ಗಂಟಲೇರಿಸಿ ಹೇಳಿದೆ. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಹಿರಿಯರೊಬ್ಬರು ಮೆಲ್ಲಗೆ, 'ಸಾಹೇಬ್ರ, ಇಲ್ಲಿ ಗಲ್ಲಿಗೆ ಹಾಕ್ಯಾರ್ರೀ. ರಕ್ತ ಬಿದ್ದದ್ದು ಹಲಗಲ್ಯಾಗ' ಅಂದರು.

ಅವರು ಹೇಳಿದ್ದು ಸರಿ. 1857ರ ದಂಗೆ ಶುರುವಾದ ಮೇಲೆ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಲೈಸೆನ್ಸ್ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ. ಹಲಗಲಿ ಆಗ ಘೋರ್ಪಡೆ ಅರಸರ ಮುಧೋಳ ಸಂಸ್ಥಾನದ ಒಂದು ಸಣ್ಣ ಊರು. ಬೇಟೆಯಾಡಿ ಬದುಕುವ ಬೇಡರಿಗೆ ಆಯುಧ ಅಂದ್ರೆ ಅನ್ನವೂ ಹೌದು, ಮಾನವೂ ಹೌದು. ಜಡಗ, ಬಾಲ, ಹನುಮ, ರಾಮ ಮತ್ತವರ ಜೊತೆಯವರು 'ಕೊಡಲ್ಲ' ಅಂದುಬಿಟ್ಟರು. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಂನ ದಂಡು ಊರು ಮುತ್ತಿತು. ಮನೆಗಳಿಗೆ ಬೆಂಕಿ ಬಿತ್ತು. ಸತ್ತವರು ಸುಮಾರು ನೂರು ಜನ. ಸೆರೆಸಿಕ್ಕವರಲ್ಲಿ 19 ಮಂದಿಗೆ ಗಲ್ಲಾಯಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13, ಡಿಸೆಂಬರ್ 14ರಂದು ಹಲಗಲಿಯಲ್ಲಿ 6.

ನೇಣಿನಲ್ಲಿ ರಕ್ತ ಬೀಳಲ್ಲ. ಆಳುವವರಿಗೆ ಅದು ಅನುಕೂಲ ನೋಡಿ. ಅವರ ಭಾಷೆಯಲ್ಲಿ ಇಂಥದ್ದಕ್ಕೆಲ್ಲ ಒಣ ಪದಗಳಿರುತ್ತವೆ: ಕ್ರಮ, ಶಿಕ್ಷೆ, ಶಾಂತಿಪಾಲನೆ. ಅವರು ನೆತ್ತರನ್ನು ಒರೆಸಿ ಬರೆದರೆ, ನಾನು ಬೀಳದ ಕಡೆ ಬಳಿದು ಬರೆದಿದ್ದೆ. ಎರಡರಲ್ಲೂ ಆ ಹದಿಮೂರು ಜನ ಕಾಣೆ.

ಅದೂ 'ಓಕುಳಿ'! ಬಾಗಲಕೋಟೆಯ ಹೋಳಿ ನೋಡಿದವರಿಗೆ ಓಕುಳಿ ಏನಂತ ನಾನು ಹೇಳಬೇಕಾ? ಬಂಡಿಗಳ ಮೇಲೆ ಬ್ಯಾರೆಲ್ ಬ್ಯಾರೆಲ್ ಬಣ್ಣ, ಹಲಗೆ ಸದ್ದು, ಕುಣಿತ. ಹೆಣದ ಸುದ್ದಿಗೆ ಈ ಹಬ್ಬದ ಪದವನ್ನು ಯಾವ ಪುಣ್ಯಾತ್ಮ ಅಂಟಿಸಿದನೋ. ನಾವಂತೂ ವರ್ಷಗಟ್ಟಲೆ ಎರಚಾಡಿದ್ದೇವೆ.

ಹಾಗಂತ ರೂಪಕವೇ ಬೇಡ ಅನ್ನೋ ಜಾತಿ ನಾನಲ್ಲ. ಕಬ್ಬಿನ ಬಾಕಿಗಾಗಿ ರಸ್ತೆಗಿಳಿದ ರೈತ 'ನಮ್ಮ ರಕ್ತಾ ಹೀರಾಕತ್ತಾರ್ರೀ' ಅಂದರೆ ಅದು ಅವನ ಬೆವರಿನ ಲೆಕ್ಕ, ಅವನ ಮಾತು. ಎಸಿ ಸ್ಟುಡಿಯೋದಲ್ಲಿ ಕೂತು ಅದೇ ಮಾತನ್ನು ನಾನು ದಿನಕ್ಕೆ ನಾಲ್ಕು ಸಲ ಕಿರುಚಿದರೆ, ಐದನೇ ಸಲ ಆ ರೈತ ಹೇಳುವಾಗ ನಿಮಗೆ ಕೇಳಿಸಲ್ಲ. ಇದೇ ಮುಧೋಳದ ಕವಿ ರನ್ನ 'ಗದಾಯುದ್ಧ' ಬರೆದವನು. ದುಶ್ಶಾಸನನ ರಕ್ತ ಕುಡೀತೀನಿ ಅಂತ ಭೀಮ ಆಡಿದ ಮಾತು ಅಲಂಕಾರವಾಗಿರಲಿಲ್ಲ ಅನ್ನೋದು ಕಥೆ ಗೊತ್ತಿದ್ದವರಿಗೆಲ್ಲ ಗೊತ್ತು.

ಹಲಗಲಿಯ ಸುದ್ದಿಯನ್ನು ಆ ಕಾಲಕ್ಕೆ ಊರೂರಿಗೆ ಮುಟ್ಟಿಸಿದ್ದು ಪತ್ರಿಕೆಯಲ್ಲ, ಲಾವಣಿ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದು ಬ್ರಿಟಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ ಅನ್ನೋದು ಇತಿಹಾಸದ ತಮಾಷೆ. ನಿಮ್ಮ ಮಕ್ಕಳು ಹತ್ತನೇ ಕ್ಲಾಸಿನಲ್ಲಿ ಓದಿರ್ತಾರೆ, ಕೇಳಿ ನೋಡಿ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸೋದು ಗುಂಡಿನ ಸದ್ದಲ್ಲ, ಲೂಟಿಯಾದ ಸಾಮಾನುಗಳ ಪಟ್ಟಿ. ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಅರಿಷಿಣ, ಬೀಸುವ ಕಲ್ಲು, ಕೊನೆಗೆ ಮಂಗಳಸೂತ್ರ. ಬೀಸುವ ಕಲ್ಲನ್ನೂ ಬಿಡದೆ ಹೊತ್ತೊಯ್ದರು ಅಂದಮೇಲೆ ಆ ಊರಿನ ಮನೆಗಳಲ್ಲಿ ಏನು ಉಳಿದಿರಬಹುದು? ಹಾಡಿದವನು ಒಳ್ಳೆಯ ವರದಿಗಾರ ಕಣ್ರೀ.

ಅವತ್ತು ಮತ್ತೊಂದು ಟೇಕ್ ತಗೊಂಡ್ವಿ. ಓಕುಳಿ ಹೋಯ್ತು, ಗಂಟಲೂ ಇಳೀತು. ತಾರೀಖು ಹೇಳಿದೆ, ಇಲ್ಲಿ ಹದಿಮೂರು, ಅಲ್ಲಿ ಆರು ಅಂದೆ, ಅಷ್ಟೇ. 'ಪಂಚ್ ಇಲ್ಲ ಸಾರ್' ಅಂತ ನಮ್ಮ ಕ್ಯಾಮೆರಾ ಹುಡುಗ ಮುಖ ಸಣ್ಣಗೆ ಮಾಡಿದ. ಹಿರಿಯರು ಮಾತ್ರ 'ಈಗ ಬರೋಬ್ಬರಿ ಆತ್ರೀ, ಬರ್‍ರಿ ಚಾ ಕುಡಿಯೂಣು' ಅಂತ ಮುಂದೆ ನಡೆದರು.