ಕಾವೇರಿ ಕರಾರಿನ ಇಂಗ್ಲಿಷು

ನಮ್ಮ ಮಂಡ್ಯದ ಕಡೆ ‘ನೂರ ಇಪ್ಪತ್ತನಾಲ್ಕು’ ಎಂದರೆ ಯಾವುದರ ಲೆಕ್ಕವೆಂದು ಯಾರೂ ಕೇಳುವುದಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿತೆಂದೇ ಅರ್ಥ. ಆದರೆ ಈ ಸಂಖ್ಯೆಗೆ ಒಂದು ಜೊತೆಯುಂಟೆಂಬುದನ್ನು ಬಲ್ಲವರು ಕಡಮೆ. 1924ರ ಫೆಬ್ರವರಿ 18ರಂದು ಮೈಸೂರು, ಮದರಾಸು ಸರ್ಕಾರಗಳು ಮಾಡಿಕೊಂಡ ಕರಾರಿನಲ್ಲಿ ಕಟ್ಟೆಯ ನೀರಿನ ಮಟ್ಟವನ್ನು ಎರಡು ಬಗೆಯಾಗಿ ಹೇಳಿದೆ: ‘ಸಿಲ್’ನಿಂದ 112 ಅಡಿ, ‘ಬೆಡ್’ನಿಂದ 124 ಅಡಿ. ಮೊದಲನೆಯದು ಅಡಿತೂಬಿನ ಹೊಸ್ತಿಲು, ಎರಡನೆಯದು ಹೊಳೆಯ ತಳ. ಎರಡನ್ನೂ ‘ಕೆಳಗಿನಿಂದ’ ಎಂದು ಕನ್ನಡಿಸಿಬಿಟ್ಟರೆ 12 ಅಡಿ ನೀರು ಲೆಕ್ಕ ತಪ್ಪುತ್ತದೆ.

ಕನ್ನಡ ಪಾಠ ಹೇಳುವ ನಾನು ಇಂಗ್ಲಿಷ್ ಪದಗಳ ಗೊಡವೆಗೆ ಹೋದದ್ದೇಕೆಂದು ವಾಚಕರು ಕೇಳಬಹುದು. ನಮ್ಮ ಕಾಲೇಜಿನ ಇಂಗ್ಲಿಷ್ ವಿಭಾಗದ ಮಿತ್ರರೊಬ್ಬರು ಸಮೀಪಾರ್ಥದ ಪದಗಳ ಪಾಠಕ್ಕೆ ಪ್ರತಿವರ್ಷವೂ ‘ಸೀ’, ‘ಲುಕ್’, ‘ವಾಚ್’ ಎಂಬ ಅದೇ ಹಳೆಯ ಉದಾಹರಣೆಗಳನ್ನು ಕೊಡುತ್ತಾರೆ. ಅಲ್ಲಿ ತಪ್ಪಿದ ಹುಡುಗನಿಗೆ ಒಂದು ಅಂಕ ಹೋಗುತ್ತದೆ, ಅಷ್ಟೆ. ಮದ್ದೂರು, ಮಳವಳ್ಳಿಗಳ ಹುಡುಗರಿಗೆ ಕಾವೇರಿಯ ಕಾಗದಪತ್ರಗಳನ್ನೇ ತೋರಿಸಬಾರದೇಕೆ ಎಂದು ನಾನು ಅವರೊಡನೆ ವಾದಿಸಿದೆ. ವಾದ ಮಾಡಿದ ಮೇಲೆ ನಾನೇ ಅವನ್ನು ಓದಬೇಕಾಯಿತು.

ನಾಲೆಯ ಹೆಸರಿನಲ್ಲಿಯೇ ಜಗಳವಿದೆ. ‘ಕೆನಾಲ್’, ‘ಚಾನಲ್’ ಎರಡೂ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ಮನುಷ್ಯ ತೋಡಿದ್ದು ಕೆನಾಲ್, ನೀರು ತಾನೇ ಮಾಡಿಕೊಂಡ ಹಾದಿ ಚಾನಲ್ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಹಳೆಯ ಮೈಸೂರಿನಲ್ಲಿ ಈ ನಿಯಮ ನಡೆಯಲಿಲ್ಲ. ಅರಸರ ಕಾಲದಲ್ಲಿ ಜನರೇ ತೋಡಿದ ನಾಲೆಗಳನ್ನು ರೈಸ್ ಸಾಹೇಬರ ಗೆಜೆಟಿಯರು ಚಾನಲ್ ಎಂದೇ ಕರೆಯಿತು. ಕನ್ನಂಬಾಡಿಯಿಂದ ಹೊಸ ನಾಲೆ ಹೊರಟಾಗ ಅದು ಇರ್ವಿನ್ ಕೆನಾಲ್ ಆಯಿತು, ಮುಂದೆ ವಿಶ್ವೇಶ್ವರಯ್ಯ ಕೆನಾಲ್. ನಮ್ಮ ರೈತರು ಅದನ್ನು ‘ವಿ.ಸಿ. ನಾಲೆ’ ಎನ್ನುತ್ತಾರೆ, ‘ಸಿ’ ಎಂದರೂ ನಾಲೆಯೇ ಎಂಬುದು ಯಾರಿಗೂ ತೊಂದರೆ ಕೊಟ್ಟಿಲ್ಲ. ಇಂಥ ಗೊಂದಲದಿಂದ ಯಾರ ಗದ್ದೆಯೂ ಒಣಗುವುದಿಲ್ಲವಾದ್ದರಿಂದ ಇದನ್ನು ಇಲ್ಲಿಗೇ ಬಿಡೋಣ.

ಗದ್ದೆ ಒಣಗಿಸಬಲ್ಲ ಪದಗಳು 1892ರ ಕರಾರಿನಲ್ಲಿವೆ. ಅದರ ತಾರೀಖೂ ಫೆಬ್ರವರಿ 18. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲ. ಕರಾರಿನ ತಲೆಬರಹವನ್ನು ಓದಿದರೆ, ಮದರಾಸು ಸರ್ಕಾರಕ್ಕೆ ಮುಂಚಿತವಾಗಿ ‘ರೆಫರೆನ್ಸ್’ ಮಾಡದೆ ಮೈಸೂರು ಹೊಸ ನೀರಾವರಿ ಕೆಲಸ ಕೈಗೊಳ್ಳಬಾರದಾದ ಎಲ್ಲೆಗಳು ಎಂಬಂತಿದೆ. ರೆಫರೆನ್ಸ್ ಎಂದರೆ ವಿಷಯವನ್ನು ಮುಂದಿಡುವುದು, ತಿಳಿಸುವುದು. ತಲೆಬರಹ ದಾಟಿ ಎರಡನೆಯ ನಿಯಮಕ್ಕೆ ಬಂದರೆ ಆ ಪದ ಮಾಯವಾಗಿ ಅದರ ಜಾಗದಲ್ಲಿ ‘ಕನ್ಸೆಂಟ್’ ಕುಳಿತಿದೆ, ಎಂದರೆ ಒಪ್ಪಿಗೆ. ಊರಿನವರಿಗೆಲ್ಲ ಮದುವೆಯ ಸುದ್ದಿ ತಿಳಿಸುವುದು ಬೇರೆ, ಹೆಣ್ಣಿನ ಮನೆಯವರ ಒಪ್ಪಿಗೆ ಪಡೆಯುವುದು ಬೇರೆ. ಊರಿನವರು ಮುಖ ಸಿಂಡರಿಸಿದರೂ ಮದುವೆ ನಡೆಯುತ್ತದೆ. ಹೆಣ್ಣಿನ ಕಡೆಯವರು ಒಲ್ಲೆವೆಂದರೆ ಚಪ್ಪರ ಬಿಚ್ಚಬೇಕು. ನ್ಯಾಯವಾಗಿ ಹೇಳಬೇಕೆಂದರೆ ಕರಾರು ಮದರಾಸಿನ ಕೈಯನ್ನೂ ಸ್ವಲ್ಪ ಕಟ್ಟಿತ್ತು: ಆಗಲೇ ಪಡೆದು ಅನುಭವಿಸುತ್ತಿದ್ದ ಹಕ್ಕಿನ ರಕ್ಷಣೆಗಲ್ಲದೆ ಬೇರೆ ಕಾರಣಕ್ಕೆ ಒಪ್ಪಿಗೆ ನಿರಾಕರಿಸಕೂಡದು ಎಂದು. ಆದರೆ ಆ ಹಕ್ಕು ಎಷ್ಟು ದೊಡ್ಡದೆಂಬುದೇ ಮುಂದಿನ ಜಗಳವಾಯಿತು.

‘ನ್ಯೂ’ ಮತ್ತು ‘ರಿಪೇರ್’ ಎಂಬ ಪದಗಳ ಕಥೆ ಇನ್ನೂ ಸೊಗಸಾಗಿದೆ. ಹೊಸದು, ದುರಸ್ತಿ ಎಂದರೆ ನಿಘಂಟು ಬೇಕೆ ಎನ್ನಬಹುದು. ಈ ಕರಾರಿನಲ್ಲಿ ಬೇಕು. ಹಿಂದೊಮ್ಮೆ ಇದ್ದು, 30 ವರ್ಷಕ್ಕಿಂತ ಹೆಚ್ಚು ಕಾಲ ಹಾಳುಬಿದ್ದ ಕೆರೆಯನ್ನು ಮತ್ತೆ ಕಟ್ಟಿದರೆ ಅದು ‘ಹೊಸ’ ಜಲಾಶಯ! ಅಜ್ಜ ಕಟ್ಟಿಸಿದ ಕೆರೆ ಮೊಮ್ಮಗನ ಕಾಲಕ್ಕೆ ಹೊಸದಾಗುತ್ತದೆ. ಅದೇ ವೇಳೆಗೆ ಹಳೆಯ ಕೆರೆಯನ್ನು ಬಿಟ್ಟು ಅದೇ ಹಳ್ಳಕ್ಕೆ ಬೇರೊಂದು ಕಡೆ ನಿಜವಾಗಿ ಹೊಸತೊಂದನ್ನು ಕಟ್ಟಿ, ಮೊದಲಿಗಿಂತ ಹೆಚ್ಚು ನೀರು ನಿಲ್ಲಿಸದಿದ್ದರೆ ಅದು ಬರಿಯ ‘ರಿಪೇರಿ’. ಕೋಡಿಯನ್ನು ಎತ್ತರಿಸುವುದೂ ಇದೇ ಷರತ್ತಿಗೆ ಒಳಪಟ್ಟು ರಿಪೇರಿಯೇ. ಕರಾರು ಪದಗಳಿಗೆ ತನ್ನದೇ ಅರ್ಥ ಕಟ್ಟಿತ್ತು; ಊರ ಮಾತಿನ ಅರ್ಥವನ್ನು ನಂಬಿ ಓದಿದವನು ಕೆಡುತ್ತಿದ್ದ.

ಇಲ್ಲಿ ಕನ್ನಡದ ತಪ್ಪನ್ನೂ ಹೇಳಿಬಿಡಬೇಕು. ಆ ಕರಾರಿನಲ್ಲಿ ‘ರಿಸರ್ವಾಯರ್’ ಬೇರೆ, ‘ಆನಿಕಟ್’ ಬೇರೆ. ಆನಿಕಟ್ ಇಂಗ್ಲಿಷರು ತಮಿಳಿನಿಂದ ತೆಗೆದುಕೊಂಡ ಪದ. ಹೊಳೆಗೆ ಅಡ್ಡಲಾಗಿ ನೀರನ್ನು ನಾಲೆಗೆ ತಿರುಗಿಸಲು ಕಟ್ಟುವ ತಗ್ಗು ಕಟ್ಟೆ. ಹೆಚ್ಚಾದ ನೀರು ಅದರ ನೆತ್ತಿಯ ಮೇಲೆಯೇ ಹರಿದುಹೋಗುತ್ತದೆ. ಇಂಗ್ಲಿಷಿನಲ್ಲಿ ಉಳಿದ ಆ ಭೇದವನ್ನು ನಾವು ಕಳೆದುಕೊಂಡೆವು. ನೀರು ತಿರುಗಿಸುವುದಕ್ಕೂ ನೀರು ತುಂಬಿಡುವುದಕ್ಕೂ ನಮ್ಮ ಪತ್ರಿಕೆಗಳಲ್ಲಿ ಅಣೆಕಟ್ಟು ಎಂಬ ಒಂದೇ ಪದ.

ಕನ್ನಂಬಾಡಿಯ ಕೆಲಸ 1911ರಲ್ಲಿ ಮೊದಲಾದಾಗ ಈ ‘ಕನ್ಸೆಂಟ್’ ಎದುರು ನಿಂತಿತು. ಮೈಸೂರಿನ ಯೋಜನೆ 41.5 ಟಿ.ಎಂ.ಸಿ.ಯದು, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಮದರಾಸು 11ಕ್ಕೆ ಮಾತ್ರ ಒಪ್ಪಿತು. ಮೈಸೂರಿನವರು ಕಟ್ಟಿದ್ದು ಚಿಕ್ಕ ಕಟ್ಟೆಯನ್ನೇ ಎನ್ನುತ್ತ, ಅಡಿಪಾಯವನ್ನು ಮಾತ್ರ ದೊಡ್ಡದಕ್ಕೆ ತಕ್ಕಂತೆ ಹಾಕಿದರು! ತಂಟೆ ಮಧ್ಯಸ್ಥಿಕೆಗೆ ಹೋಯಿತು. ಅಲಹಾಬಾದ್ ಹೈಕೋರ್ಟಿನ ಸರ್ ಹೆನ್ರಿ ಗ್ರಿಫಿನ್ 1914ರಲ್ಲಿ ತೀರ್ಪಿತ್ತರು. 1892ರ ನಿಯಮದಂತೆ ಮಧ್ಯಸ್ಥರ ಮಾತು ‘ಫೈನಲ್’. ಆದರೂ ಮದರಾಸು ಲಂಡನ್ನಿನ ಭಾರತಮಂತ್ರಿಗಳವರೆಗೆ ಹೋಗಿ ಅದನ್ನು ಮತ್ತೆ ತೆರೆಸಿತು. ಕಡೆಗೆ 1924ರ ಕರಾರು ಬಂತು.

ಆ ಕರಾರಿನ ಒಂದು ವಾಕ್ಯದ ಮೇಲೆ ಎರಡು ರಾಜ್ಯಗಳು ನಾಲ್ಕು ದಶಕ ಹೋರಾಡಿದವು. 50 ವರ್ಷ ಮುಗಿದ ಮೇಲೆ ಕರಾರಿನ ಇಂತಿಂಥ ಕಟ್ಟುಪಾಡುಗಳು ‘ರಿಕನ್ಸಿಡರೇಷನ್’ಗೆ, ಅಂದರೆ ಮರುಪರಿಶೀಲನೆಗೆ ಒಳಪಡತಕ್ಕವು ಎಂಬುದು ಅದರ ಸಾರ. ‘ಎಕ್ಸ್‌ಪೈರಿ’ ಎಂಬ ಪದವೂ ಆ ವಾಕ್ಯದಲ್ಲಿದೆ. ಮುಗಿಯುವುದು ಯಾವುದು? ವ್ಯಾಕರಣದ ಪ್ರಕಾರ ಮುಗಿಯುವುದು ಐವತ್ತು ವರ್ಷ; ಕರಾರು ಮುಗಿಯುತ್ತದೆಂದು ಅಲ್ಲಿ ಬರೆದಿಲ್ಲ. ತಮಿಳುನಾಡು ಇದನ್ನೇ ಹಿಡಿಯಿತು. ಅವಧಿಯನ್ನೇ ಗೊತ್ತುಮಾಡಿದ ಮೇಲೆ 1974ಕ್ಕೆ ಕರಾರೂ ಮುಗಿದಂತೆ ಎಂದು ಕರ್ನಾಟಕ ಸಾಧಿಸಿತು.

ಕೆಲವು ವರ್ಷಗಳ ಹಿಂದೆ ಮದ್ದೂರಿನ ಆಚೆ ನಾಲೆಯ ಏರಿಯ ಮೇಲೆ ಪರಿಚಯದ ಹಿರಿಯ ರೈತರೊಬ್ಬರು ನನ್ನನ್ನು ತಡೆದು ಕೇಳಿದರು: “ಅದೇನ್ ಮೇಷ್ಟ್ರೇ, ಕರಾರು ಮುಗ್ದೋಯ್ತು ಅಂತಾರೆ, ಮುಗ್ದಿಲ್ಲ ಅಂತಾರೆ. ಯಾವ್ದು ದಿಟ?” ನಾನು ನಿಘಂಟಿನ ಮಾತು ತೆಗೆದೆ. ಅವರು ಅರ್ಧಕ್ಕೇ ನಿಲ್ಲಿಸಿ, “ಅಂಗಂದ್ರೆ ಗುತ್ತಿಗೆ ವಾಯ್ದೆ ಮುಗೀತು ಅನ್ನೋದಲ್ಲ, ವಾಯ್ದೆಗೆ ಮತ್ತೆ ಕೂತು ಮಾತಾಡಾನ ಅನ್ನೋದು. ಮಾತಾಡೋಗಂಟ ಉಳೋರ್ ಯಾರು, ಅದ ಬರೀನಿಲ್ವಾ?” ಎಂದರು. ಬರೆದಿರಲಿಲ್ಲ. ನಾನು ಓದಿದ ಯಾವ ವ್ಯಾಖ್ಯಾನವೂ ಇಷ್ಟು ನೇರವಾಗಿ ಗಾಯಕ್ಕೆ ಬೆರಳಿಟ್ಟಿರಲಿಲ್ಲ.

1991ರಲ್ಲಿ ನಾನು ಮಳವಳ್ಳಿಯಲ್ಲಿ ಶಾಲೆಯ ಹುಡುಗ. ಆ ವರ್ಷದ ಜೂನ್ 25ರಂದು ನ್ಯಾಯಮಂಡಳಿ, ಮೆಟ್ಟೂರಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ‘ಆರ್ಡರ್’ ಮಾಡಿತು. ಆರ್ಡರ್ ಬೇರೆ, 1956ರ ಕಾನೂನಿನ ‘ರಿಪೋರ್ಟ್’, ‘ಡಿಸಿಷನ್’ ಬೇರೆ. ಗೆಜೆಟ್ಟಿನಲ್ಲಿ ಪ್ರಕಟವಾಗಿ ಕಟ್ಟುವುದು ಈ ಎರಡನೆಯದು ಮಾತ್ರ ಎಂಬುದು ವಾದ. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆರ್ಡರೂ ಆ ಅರ್ಥದಲ್ಲಿ ಡಿಸಿಷನ್ನೇ ಎಂದಿತು. ಡಿಸೆಂಬರಿನಲ್ಲಿ ಅದು ಗೆಜೆಟ್ಟಿಗೆ ಬಂತು, ಬೆಂಗಳೂರು ಹೊತ್ತಿ ಉರಿಯಿತು. ನಮ್ಮ ಶಾಲೆಗೆ ರಜೆ ಕೊಟ್ಟರೆಂಬುದಷ್ಟೇ ಆಗ ನನಗೆ ತಿಳಿದದ್ದು.

1924ರ ವಾಕ್ಯಕ್ಕೆ ಅರ್ಥ ಸಿಕ್ಕಿದ್ದು 2018ರ ಫೆಬ್ರವರಿ 16ರಂದು, ಕರಾರಿನ ವರ್ಷಾಬ್ದಿಕಕ್ಕೆ ಎರಡು ದಿನ ಮೊದಲು. ಐವತ್ತು ವರ್ಷಕ್ಕೆ, 1974ರಲ್ಲಿ, ಕರಾರು ಮುಗಿಯಿತೆಂದು ಸುಪ್ರೀಂ ಕೋರ್ಟು ಹೇಳಿತು. ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ಹೆಚ್ಚಿಗೆ ಬಂತು, ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಅಷ್ಟಕ್ಕೆ ಪದಗಳ ಕಾಟ ತಪ್ಪಲಿಲ್ಲ. ಆರು ವಾರಗಳಲ್ಲಿ ‘ಸ್ಕೀಮ್’ ರಚಿಸಿರೆಂದು ಕೋರ್ಟು ಹೇಳಿದ್ದೇ ತಡ, ಸ್ಕೀಮ್ ಎಂದರೆ ‘ಬೋರ್ಡ್’ ಎಂದೇ ಅರ್ಥವೇ ಎಂಬ ಚರ್ಚೆ ಎದ್ದಿತು. ಜೂನ್ 1ಕ್ಕೆ ಹುಟ್ಟಿದ್ದು ‘ಅಥಾರಿಟಿ’. ತಮಿಳುನಾಡು ಕೇಳಿದ್ದು ಮಂಡಳಿ, ಬಂದದ್ದು ಪ್ರಾಧಿಕಾರ.

ಈ ತೀರ್ಪಿನ ಸುದ್ದಿ ಹಿಡಿದು ಆ ಹಿರಿಯರನ್ನು ಕಂಡೆ. “ಕರಾರು ಮುಗಿದಿತ್ತಂತೆ ಯಜಮಾನರೇ, ನಲವತ್ತನಾಲ್ಕು ವರ್ಷದ ಹಿಂದೆಯೇ” ಎಂದೆ. ಅವರು ಗುದ್ದಲಿಯನ್ನು ಹೆಗಲಿನಿಂದ ಇಳಿಸಲಿಲ್ಲ. “ಆಗ್ಲಿ ಬುಡಿ. ಈ ಬೇಸ್ಗೇಲಿ ಕಟ್ಟುನೀರು ಎಷ್ಟು ದಿನಕ್ಕೊಂದಪ ಬುಡ್ತಾರಂತೆ, ಅದ ವಸಿ ವಿಚಾರ್ಸಿ ಮೇಷ್ಟ್ರೇ” ಎಂದು ತೂಬಿನ ಕಡೆ ನಡೆದರು.