ಉಜ್ಜಬಾರದ ಕಲ್ಲು

ನಮ್ಮ ಮನೆಯ ದೇವರ ಸಂಪುಟದಲ್ಲಿ ನಾಲ್ಕು ಸಾಲಿಗ್ರಾಮಗಳಿದ್ದವು. ನನಗೆ ಉಪನಯನವಾದ ವರ್ಷ, ಪೂಜೆಯ ವೇಳೆಯಲ್ಲಿ ತಂದೆಯವರ ಮಗ್ಗುಲಲ್ಲಿ ಕುಳಿತು, ಅಭಿಷೇಕವಾದ ಸಾಲಿಗ್ರಾಮಗಳನ್ನು ಒಣವಸ್ತ್ರದಿಂದ ಒರೆಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗುತನದ ಉತ್ಸಾಹ. ಒಂದು ದಿನ, ಕಲ್ಲಿನ ಬಾಯೊಳಗಣ ಚಕ್ರ ಇನ್ನಷ್ಟು ಸ್ಪಷ್ಟವಾಗಿ ಕಾಣಲೆಂದು ವಸ್ತ್ರದ ತುದಿಯನ್ನು ಹುರಿಮಾಡಿ ಒಳಗೆ ತೂರಿಸಿ ಬಲವಾಗಿ ತಿರುವತೊಡಗಿದೆ. ತಂದೆಯವರು ಮಂತ್ರವನ್ನು ನಿಲ್ಲಿಸಲಿಲ್ಲ. ನನ್ನ ಕೈಯನ್ನು ಹಿಡಿದರು. ಪೂಜೆ ಮುಗಿದ ಮೇಲೆ ಹೇಳಿದರು: “ಉಜ್ಜಬಾರದೋ, ಒರೆಸಬೇಕು. ಉಜ್ಜುವುದಕ್ಕೆ ಅದೇನು ತಂಬಿಗೆಯೆ?”

ಉಜ್ಜುವುದು, ಒರೆಸುವುದು — ಈ ಎರಡು ಮಾತುಗಳ ನಡುವಣ ಅಂತರ ನನಗೆ ಅರ್ಥವಾಗಲು ಅನಂತರ ಬಹಳ ವರ್ಷಗಳು ಬೇಕಾದವು. ಒಂದು ನಷ್ಟವೂ ಬೇಕಾಯಿತು. ಅದನ್ನು ಹೇಳುವ ಮೊದಲು ಸಾಲಿಗ್ರಾಮವೆಂದರೇನೆಂಬುದನ್ನು ಭೂವಿಜ್ಞಾನದ ಭಾಷೆಯಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ನೇಪಾಳದಲ್ಲಿ, ಮುಕ್ತಿನಾಥದ ಕೆಳಗೆ ಹರಿಯುವ ಕಾಳಿ ಗಂಡಕಿಯ ಪಾತ್ರದಲ್ಲಿ ದೊರೆಯುವ ಈ ಕಪ್ಪು ಗುಂಡುಗಳು, ಹಿಮಾಲಯ ಮೇಲೇಳುವುದಕ್ಕೆ ಬಹು ಮೊದಲು ಅಲ್ಲಿದ್ದ ಸಮುದ್ರದ ಕೆಸರಿನಲ್ಲಿ ರೂಪುಗೊಂಡವು. ಸುಮಾರು 15 ಕೋಟಿ ವರ್ಷಗಳ ಹಿಂದೆ ಆ ಸಮುದ್ರದಲ್ಲಿ ಈಜಾಡುತ್ತಿದ್ದ, ಸುರುಳಿ ಚಿಪ್ಪಿನ ಅಮೋನೈಟ್ ಎಂಬ ಪ್ರಾಣಿ ಸತ್ತು ತಳ ಸೇರಿದಾಗ ಅದರ ಸುತ್ತ ಕೆಸರು ಗಟ್ಟಿಯಾಗಿ ಉಂಡೆಕಟ್ಟಿತು. ನಾವು ಚಕ್ರವೆಂದು ಕೈಮುಗಿಯುವುದು ಆ ಚಿಪ್ಪಿನ ಸುರುಳಿಗೆ, ಅದರ ಏಣುಗಳಿಗೆ. ಹೀಗೆ ನೋಡಿದರೆ, ಪಳೆಯುಳಿಕೆಗಳನ್ನು ಮನೆಯಲ್ಲಿ ಇಟ್ಟುಕೊಂಡು, ದಿನವೂ ತೊಳೆದು, ಒರೆಸಿ, ಜೋಪಾನ ಮಾಡುವ ಪದ್ಧತಿ ಯಾವ ವಸ್ತುಸಂಗ್ರಹಾಲಯಕ್ಕಿಂತಲೂ ಮೊದಲೇ ನಮ್ಮಲ್ಲಿ ಇತ್ತು. ಭಕ್ತಿಯ ಮಾತು ಬೇರೆ. ನಾನು ಹೇಳಹೊರಟಿರುವುದು ಕೈಯ ಮಾತು.

ಕರ್ನಾಟಕದ ನೆಲದಲ್ಲಿ ಇಂಥ ಚಿಪ್ಪು, ಮೂಳೆಗಳು ವಿರಳ. ನಮ್ಮ ಬಂಡೆಗಳ ಬಹುಪಾಲು ಪ್ರಾಣಿಗಳಿಗೆ ಚಿಪ್ಪೂ ಮೂಳೆಯೂ ಮೂಡುವ ಮೊದಲಿನವು. ಬಾಗಲಕೋಟೆಯ ಕಡೆಯ ಕಲಾದಗಿ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟುಗಳನ್ನು ಕಾಣಬಹುದು. ಸಮುದ್ರದ ಚಿಪ್ಪುಗಳನ್ನು ನೋಡಬೇಕಾದರೆ ನೆರೆಯ ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು. ಕ್ರಿಟೇಷಿಯಸ್ ಯುಗದಲ್ಲಿ ಸಮುದ್ರ ಅಲ್ಲಿ ನೆಲದೊಳಕ್ಕೆ ನುಗ್ಗಿ ಬಂದಿತ್ತು.

1981ರಲ್ಲಿ ನನ್ನ ಸಹೋದ್ಯೋಗಿಯಾಗಿದ್ದ ಭೂವಿಜ್ಞಾನದ ಅಧ್ಯಾಪಕರೊಬ್ಬರು ಅರಿಯಲೂರಿನಿಂದ ಅಂಗೈಯಗಲದ ಒಂದು ಅಮೋನೈಟನ್ನು ತಂದು ನನಗೆ ಕೊಟ್ಟರು. ಜೊತೆಗೊಂದು ಚೀಟಿ. ಯಾವ ಹಳ್ಳಿಯ ಯಾವ ಕೊರಕಲು, ಯಾವ ಪದರ, ಯಾವ ದಿನ ಎಂದು ಅದರಲ್ಲಿ ಅವರು ಸಣ್ಣ ಅಕ್ಷರಗಳಲ್ಲಿ ಬರೆದಿದ್ದರು. ನಾನು ಸಾಹಿತ್ಯದವನು, ಕಲ್ಲು ಹಳದಿ ಮಣ್ಣು ಹತ್ತಿ ಮಂಕಾಗಿದೆ ಎಂಬುದಷ್ಟೇ ನನಗೆ ಕಂಡದ್ದು. ಮರುದಿನ ನೆಂಟರು ಬರುವವರಿದ್ದರು. ಹಿತ್ತಾಳೆಯ ಪಾತ್ರೆಗೆ ಹಚ್ಚುವ ಹಾಗೆ ಹುಣಿಸೆಹಣ್ಣು ಹಚ್ಚಿದೆ. ಸಾಲದೆಂದು ನಿಂಬೆರಸದಲ್ಲಿ ಅದ್ದಿಟ್ಟೆ. ಸಣ್ಣ ಗುಳ್ಳೆಗಳು ಏಳತೊಡಗಿದಾಗ ಕೊಳೆ ಬಿಡುತ್ತಿದೆಯೆಂದು ಸಂತೋಷಪಟ್ಟು ಮಲಗಿದೆ. ಆ ಗುಳ್ಳೆ ಕೊಳೆಯದಲ್ಲ, ಚಿಪ್ಪಿನದು. ಸುಣ್ಣದ ಪದಾರ್ಥಕ್ಕೆ ಹುಳಿ ತಗಲಿದರೆ ಆಗುವುದೇ ಅದು. ಬೆಳಿಗ್ಗೆ ನೋಡಿದರೆ, ಚಿಪ್ಪಿನ ಕೋಣೆಗಳ ಗೋಡೆಗಳು ಹೊರಮೈಗೆ ಸೇರುವಲ್ಲಿ ಎಲೆಯ ಅಂಚಿನಂತೆ ಕುಸುರಿಯಾಗಿ ಹರಿದಿದ್ದ ಗೆರೆಗಳು ಬಹುಮಟ್ಟಿಗೆ ಅಳಿಸಿಹೋಗಿದ್ದವು. ಒಂದು ಅಮೋನೈಟನ್ನು ಇನ್ನೊಂದರಿಂದ ಬೇರ್ಪಡಿಸಿ ಹೆಸರಿಸಲು ವಿದ್ವಾಂಸರು ಮುಖ್ಯವಾಗಿ ನೋಡುವುದು ಆ ಗೆರೆಗಳನ್ನೇ ಎಂಬುದು ನನಗೆ ಆಮೇಲೆ ತಿಳಿಯಿತು. ಚೀಟಿಯೂ ಒದ್ದೆಯಾಗಿ, ಕಸದೊಡನೆ ಹೋಗಿತ್ತು. ಮಿತ್ರರು ಬಂದು ನೋಡಿದರು, ಬೈಯಲಿಲ್ಲ. “ಹೋಗಲಿ ಬಿಡಿ, ಈಗ ಬಹಳ ಹೊಳೆಯುತ್ತಿದೆ” ಎಂದರು. ಅವರು ಇಂದು ಇಲ್ಲ. ಆ ಮಾತು ಮಾತ್ರ ಇದೆ.

ಆ ನಾಚಿಕೆಯೇ ನನ್ನನ್ನು ಈ ವಿಷಯದ ಚರಿತ್ರೆಯನ್ನು ಓದುವಂತೆ ಮಾಡಿತು. ಓದುತ್ತ ಹೋದಂತೆ ನನ್ನ ತಪ್ಪು ಬಹಳ ಹಳೆಯ ಮನೆತನಕ್ಕೆ ಸೇರಿದ್ದೆಂದು ತಿಳಿಯಿತು. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ವಿಟ್ಬಿ ಎಂಬ ಊರಿದೆ. ಅಲ್ಲಿಯೂ ಅಮೋನೈಟುಗಳು ಹೇರಳ. ಏಳನೆಯ ಶತಮಾನದಲ್ಲಿ ಅಲ್ಲಿದ್ದ ಹಿಲ್ಡಾ ಎಂಬ ಸಂನ್ಯಾಸಿನಿ ಹಾವುಗಳನ್ನು ಕಲ್ಲಾಗಿಸಿದಳೆಂದು ಐತಿಹ್ಯ. ಆದರೆ ಕಲ್ಲಾದ ಹಾವಿಗೆ ತಲೆ ಇರಲಿಲ್ಲ. ಕೊಳ್ಳುವವರಿಗೆ ತಲೆ ಬೇಕಾಗಿತ್ತು. ಆದ್ದರಿಂದ ಮಾರುವವರು ಸುರುಳಿಯ ತುದಿಯಲ್ಲಿ ಹಾವಿನ ತಲೆ ಕೆತ್ತಿ, ಕಣ್ಣು ಬಿಡಿಸಿ ಮಾರಿದರು. ನೋಡುವವನ ಆಸೆಗೆ ತಕ್ಕಂತೆ ಕಲ್ಲನ್ನು ತಿದ್ದುವ ಕೆಲಸ ಅಲ್ಲಿ ಒಂದು ಜೀವನೋಪಾಯವೇ ಆಗಿತ್ತು.

ಬಡವರು ಹೊಟ್ಟೆಪಾಡಿಗೆ ಮಾಡಿದ್ದನ್ನು ಹಣವಂತರು ಹುಮ್ಮಸ್ಸಿನಿಂದ ಮಾಡಿದರು. ಥಾಮಸ್ ಹಾಕಿನ್ಸ್ ಎಂಬಾತ ಇಕ್ತಿಯೋಸಾರ್ ಎಂಬ ಸಮುದ್ರ ಸರೀಸೃಪದ ಅಸ್ಥಿಪಂಜರಗಳನ್ನು ಕೂಡಿಹಾಕಿ, 1834ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ 1,300 ಪೌಂಡಿಗೂ ಮಿಕ್ಕ ಬೆಲೆಗೆ ಮಾರಿದ. ಮ್ಯೂಸಿಯಮ್ಮಿನವರು ಬಿಚ್ಚಿ ನೋಡಿದಾಗ ಒಂದು ಭವ್ಯ ಪಂಜರದಲ್ಲಿ ಮೂಳೆಯ ಜಾಗದಲ್ಲಿ ಅಲ್ಲಲ್ಲಿ ಪ್ಲಾಸ್ಟರ್ ಇತ್ತು. ಸುತ್ತಣ ಕಲ್ಲಿನದೇ ಬಣ್ಣ, ಗುರುತೇ ಸಿಗದಷ್ಟು ನಯ. ಪ್ರಕರಣ ಸಂಸತ್ತಿನ ಸಮಿತಿಯವರೆಗೂ ಹೋಯಿತು. ಹಾಕಿನ್ಸ್ ಸುಳ್ಳುಗಾರನಲ್ಲದಿರಬಹುದು, ಪ್ರಾಣಿ ಹೇಗೆ ಇದ್ದಿರಬೇಕೆಂದು ತಾನು ನಂಬಿದನೋ ಹಾಗೆ ಅದನ್ನು ಪೂರ್ಣಗೊಳಿಸಿದ. ಅಪೂರ್ಣವನ್ನು ಸಹಿಸದ ಪ್ರೀತಿಯೂ ಒಂದು ಬಗೆಯ ಅಪಾಯವೇ.

ಹಾಕಿನ್ಸನ ಈ ಸ್ವಭಾವವನ್ನು ಮೊದಲೇ ಗುರುತಿಸಿದ್ದವಳು ಮೇರಿ ಆನಿಂಗ್, 1799ರಲ್ಲಿ ಲೈಮ್ ರೀಜಿಸ್ ಎಂಬ ಕಡಲೂರಿನಲ್ಲಿ ಹುಟ್ಟಿದ ಬಡಗಿಯ ಮಗಳು. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಕಡಿದಾದ ಕಡಲ ದಂಡೆಯಲ್ಲಿ ಕುಸಿದ ಮಣ್ಣಿನಿಂದ ಪಳೆಯುಳಿಕೆಗಳನ್ನು ಹೆಕ್ಕಿ ಮಾರಿ ಬದುಕಿದವಳು. 1811ರಲ್ಲಿ ಅವಳ ಅಣ್ಣ ಇಕ್ತಿಯೋಸಾರಿನ ತಲೆಯನ್ನು ಕಂಡ. ಮರುವರ್ಷ ಉಳಿದ ದೇಹವನ್ನು ಅವಳು ಪತ್ತೆಮಾಡಿದಳು. 1824ರಲ್ಲಿ ಅವಳನ್ನು ನೋಡಲು ಹೋದ ಒಬ್ಬ ಶ್ರೀಮಂತ ಮಹಿಳೆ, ಈ ಹುಡುಗಿ ಮೂಳೆಗಳನ್ನು ಸಿಮೆಂಟಿನಿಂದ ಚೌಕಟ್ಟಿನಲ್ಲಿ ನಿಲ್ಲಿಸಿ ಚಿತ್ರ ಬರೆಯುತ್ತಾಳೆಂದು ತನ್ನ ದಿನಚರಿಯಲ್ಲಿ ಬೆರಗಿನಿಂದ ದಾಖಲಿಸಿದ್ದಾಳೆ. 1823ರ ಕೊನೆಯಲ್ಲಿ ಮೇರಿ ಹೊರತೆಗೆದ ಪ್ಲೀಸಿಯೋಸಾರಿನ ಕತ್ತು ನಂಬಲಾಗದಷ್ಟು ಉದ್ದವಾಗಿತ್ತು. ಪ್ಯಾರಿಸಿನ ಮಹಾವಿದ್ವಾಂಸ ಕ್ಯೂವಿಯೇ, ಎರಡು ಪ್ರಾಣಿಗಳ ಮೂಳೆಗಳನ್ನು ಜೋಡಿಸಿರಬಹುದೆಂದು ಶಂಕಿಸಿದ. ಆ ಶಂಕೆ ನಿಂತಿದ್ದರೆ ಅವಳ ಕುಟುಂಬದ ಅನ್ನವೇ ಹೋಗುತ್ತಿತ್ತು. ಲಂಡನ್ನಿನಲ್ಲಿ ಚರ್ಚೆ ನಡೆಯಿತು. ಮೂಳೆಗಳು ತಮ್ಮ ತಮ್ಮ ಸ್ಥಾನದಲ್ಲೇ ಇದ್ದವು. ಕ್ಯೂವಿಯೇ ತನ್ನ ಮಾತನ್ನು ಹಿಂತೆಗೆದುಕೊಂಡ. ಬಡ ಹೆಣ್ಣುಮಗಳ ಪರವಾಗಿ ಸಾಕ್ಷಿ ಹೇಳಿದ್ದು ಅವಳ ಕೈ ಎಲ್ಲೆಲ್ಲಿ ಸುಮ್ಮನಿತ್ತೋ ಆ ಜಾಗಗಳು.

ಮನೆಯಲ್ಲಿ ಸಂಗ್ರಹ ಮಾಡುವವರೆಲ್ಲ ನೆನೆಯಬೇಕಾದ ಇನ್ನೊಂದು ಬಾಳು ಗಿಡಿಯನ್ ಮ್ಯಾಂಟೆಲ್ಲನದು. ಲೂಯಿಸ್ ಎಂಬ ಊರಿನ ವೈದ್ಯ. ಹಗಲು ರೋಗಿಗಳು, ಇರುಳು ಮೂಳೆಗಳು. 1822ರಲ್ಲಿ ಪ್ರಕಟವಾದ ಅವನ ಪುಸ್ತಕಕ್ಕೆ ಚಿತ್ರಫಲಕಗಳನ್ನು ಕೆತ್ತಿದವಳು ಅವನ ಹೆಂಡತಿ ಮೇರಿ ಆನ್. 1825ರಲ್ಲಿ ಅವನು ಇಗ್ವಾನೊಡಾನ್ ಎಂಬ ಪ್ರಾಚೀನ ಪ್ರಾಣಿಗೆ ಹೆಸರಿಟ್ಟ. 1833ರಲ್ಲಿ ಬ್ರೈಟನ್ನಿಗೆ ಸಂಸಾರ ಸಾಗಿಸಿದಾಗ ಜೊತೆಗೆ ಕಲ್ಲುಗಳೂ ಹೋದವು. ನೋಡುವವರು ಗುಂಪುಗುಂಪಾಗಿ ಬಂದರು, ರೋಗಿಗಳು ಬರಲಿಲ್ಲ. ಬೈಠಕ್‌ಖಾನೆ ತುಂಬಿ, ಮಹಡಿ ತುಂಬಿ, ಕಡೆಗೆ ಮನೆಯೇ ಮ್ಯೂಸಿಯಮ್ ಆಗಿ, ಹೆಂಡತಿ ಮಕ್ಕಳು ಬೇರೆಡೆ ಇರಬೇಕಾಯಿತು. 1838ರಲ್ಲಿ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ 4,000 ಪೌಂಡಿಗೆ ಮಾರಲಾಯಿತು. ಮರುವರ್ಷ ಮೇರಿ ಆನ್ ಮನೆ ಬಿಟ್ಟು ಹೋದಳು. ಪ್ರದರ್ಶನಕ್ಕೂ ಒಂದು ಮಿತಿ ಇರಬೇಕೆಂಬುದಕ್ಕೆ ಇದಕ್ಕಿಂತ ಕರುಣೆಯ ನಿದರ್ಶನ ನನಗೆ ಗೊತ್ತಿಲ್ಲ.

ಮ್ಯಾಂಟೆಲ್ ಮಾಡಿದ ಒಂದು ತಪ್ಪು ಇನ್ನೊಂದು ಪಾಠ ಹೇಳುತ್ತದೆ. ಅವನಿಗೆ ಒಂದು ಚೂಪಾದ ಮೂಳೆ ದೊರೆತಿತ್ತು. ಅದನ್ನು ಪ್ರಾಣಿಯ ಮೂಗಿನ ಮೇಲೆ ಕೊಂಬಾಗಿ ಕೂರಿಸಿ ಚಿತ್ರ ಬರೆದ. 1854ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ ನಿಲ್ಲಿಸಿದ ಬೃಹತ್ ಪ್ರತಿಮೆಗಳಿಗೂ ಆ ಕೊಂಬು ಬಂತು. 1878ರಲ್ಲಿ ಬೆಲ್ಜಿಯಮ್ಮಿನ ಬರ್ನಿಸಾರ್ ಕಲ್ಲಿದ್ದಲ ಗಣಿಯಲ್ಲಿ, 322 ಮೀಟರ್ ಆಳದಲ್ಲಿ, ಅದೇ ಜಾತಿಯ ಪ್ರಾಣಿಗಳ ಇಡೀ ಪಂಜರಗಳು ಸಿಕ್ಕವು. ಕೊಂಬೆಂದುಕೊಂಡದ್ದು ಕೈಯ ಹೆಬ್ಬೆರಳೆಂದು ಆಗ ಗೊತ್ತಾಯಿತು. ಮೂಲದ ಮೂಳೆ ಹಾಗೇ ಉಳಿದಿದ್ದರಿಂದಲೇ ತಪ್ಪನ್ನು ತಿದ್ದಲಾಯಿತು. ಅದನ್ನು ಮೂಗಿಗೆ ಹೊಂದುವಂತೆ ಯಾರಾದರೂ ಉಜ್ಜಿ ಸಾಣೆ ಹಿಡಿದಿದ್ದರೆ!

ಬರ್ನಿಸಾರಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗಣಿಯಿಂದ ಹೊರಬಂದ ಮೂಳೆಗಳು ಗಾಳಿ ಸೋಕಿದೊಡನೆ ಬಿರಿದು ಪುಡಿಯಾಗತೊಡಗಿದವು. ಅವುಗಳ ರಂಧ್ರಗಳಲ್ಲಿ ಚಿನ್ನದಂತೆ ಹೊಳೆಯುವ ಪೈರೈಟ್, ಅಂದರೆ ಕಬ್ಬಿಣ ಗಂಧಕಗಳ ಸಂಯುಕ್ತ, ತುಂಬಿತ್ತು. ತೇವದ ಗಾಳಿ ತಗಲಿದರೆ ಅದು ಗಂಧಕಾಮ್ಲವಾಗಿಯೂ ಲವಣವಾಗಿಯೂ ಮಾರ್ಪಟ್ಟು, ಉಬ್ಬಿ, ಒಳಗಿನಿಂದಲೇ ಮೂಳೆಯನ್ನು ಸೀಳುತ್ತದೆ. ಲೂಯಿ ದ ಪೋ ಎಂಬ ಕುಶಲಿ ಮೂಳೆಗಳನ್ನು ಗಣಿಯಲ್ಲೇ ಪ್ಲಾಸ್ಟರಿನಿಂದ ಹೊದಿಸಿ ಸುಮಾರು 600 ಗಟ್ಟಿಗಳಾಗಿ ಮೇಲಕ್ಕೆ ತರಿಸಿದ. ಬ್ರಸೆಲ್ಸಿನಲ್ಲಿ ಬಿಸಿ ಸರೇಸಿನಲ್ಲಿ ನೆನೆಸಿದ. ಆದರೂ ರೋಗ ಮರುಕಳಿಸಿತು. 1930ರ ದಶಕದಲ್ಲಿ ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಲೇಪಿಸಿ, ಪಂಜರಗಳನ್ನು ಗಾಜಿನ ಮನೆಯೊಳಗೆ ನಿಲ್ಲಿಸಿದರು. 2003ರಿಂದ 2007ರವರೆಗೆ ಮತ್ತೆ ಎಲ್ಲವನ್ನೂ ಬಿಚ್ಚಿ ಶುಶ್ರೂಷೆ ಮಾಡಬೇಕಾಯಿತು. ಒಮ್ಮೆ ನೆಲದಿಂದ ತೆಗೆದುದನ್ನು ಕಾಯುವ ಕೆಲಸ ಒಂದು ತಲೆಮಾರಿಗೆ ಮುಗಿಯುವಂಥದಲ್ಲ.

ಮನೆಯಲ್ಲಿ ಒಂದೆರಡು ಪಳೆಯುಳಿಕೆಗಳನ್ನು ಇಟ್ಟುಕೊಂಡವರಿಗೆ ಈ ಚರಿತ್ರೆಯಿಂದ ಸಿಗುವ ಬುದ್ಧಿ ಸರಳ. ಮೊದಲು ಒಣ ಮೆದು ಕುಂಚ. ಬಹುಪಾಲು ಅಷ್ಟೇ ಸಾಕು. ಬಿರುಕಿನ ಮಣ್ಣಿಗೆ ಬಿದಿರಿನ ಕಡ್ಡಿ. ನೀರು ಗಟ್ಟಿ ಕಲ್ಲಿಗೆ ಆದೀತು. ಪದರ ಪದರವಾದ ಜೇಡಿಗಲ್ಲಿಗೆ, ಪೈರೈಟ್ ಇರುವುದಕ್ಕೆ ಅದೇ ಶತ್ರು. ಹುಣಿಸೆ, ನಿಂಬೆ, ವಿನಿಗರ್ ಹತ್ತಿರ ಸುಳಿಯಬಾರದು. ಹೊಳಪಿಗೆ ಎಣ್ಣೆಯೂ ಬೇಡ, ಮೆರುಗೆಣ್ಣೆಯೂ ಬೇಡ. ಬಿರಿಯುತ್ತಿರುವುದನ್ನು ಬಂಧಿಸಲೇಬೇಕಾದರೆ, ಮ್ಯೂಸಿಯಮ್ಮಿನವರು ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಂಟಿದೆ. ಅಸಿಟೋನಿನಲ್ಲಿ ಅದನ್ನು ಮತ್ತೆ ಕರಗಿಸಿ ತೆಗೆಯಬಹುದು. ಅದರ ದೊಡ್ಡ ಗುಣವೇ ಅದು. ನಾವು ಮಾಡಿದ್ದನ್ನು ಮುಂದಿನವರು ಬಿಡಿಸುವಂತಿರಬೇಕು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದಾದ್ದರಿಂದ ಕೆಲಸ ಮಾಡುವಾಗ ಮೂಗಿಗೆ ಮುಸುಕು ಅಗತ್ಯ.

ಇನ್ನು ಇಡುವ ಜಾಗ. ಬಿಸಿಲು ಬೀಳುವ ಕಿಟಕಿಯೂ ಬೇಡ, ಮಳೆಗಾಲದಲ್ಲಿ ಬೆವರುವ ಗೋಡೆಯೂ ಬೇಡ. ಪೈರೈಟ್ ಇದ್ದರೆ ಮುಚ್ಚಿದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಕಾಯಬೇಕು. ಚಿಪ್ಪುಗಳಿಗೆ ಹೊಸ ಮರದ ಮುಚ್ಚಿದ ಬೀರುವೂ ಒಳ್ಳೆಯದಲ್ಲ. 1899ರಲ್ಲಿ ಬೈನ್ ಎಂಬ ಇಂಗ್ಲಿಷ್ ಸಂಗ್ರಾಹಕ, ಚಿಪ್ಪುಗಳ ಮೇಲೆ ಬೆಳ್ಳಗೆ ಬೂಷ್ಟಿನಂತೆ ಮೂಡುವ ಪುಡಿಯನ್ನು ಕಂಡು ಅದಕ್ಕೆ ಸೂಕ್ಷ್ಮಾಣುಗಳು ಕಾರಣವೆಂದು ಬಗೆದ. ವಾಸ್ತವವಾಗಿ ಓಕ್‌ನಂಥ ಮರದಿಂದ ಹೊಮ್ಮುವ ಆಮ್ಲದ ಆವಿಯೇ ಚಿಪ್ಪನ್ನು ತಿನ್ನುತ್ತಿತ್ತು. ಅಂದವೆಂದು ಮಾಡಿಸಿದ ಬೀರುವೇ ಒಳಗಿನದನ್ನು ನುಂಗುತ್ತಿತ್ತು.

ಎಲ್ಲಕ್ಕಿಂತ ಮಿಗಿಲಾದುದು ಚೀಟಿ. ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿ, ಎಂದು, ಯಾರಿಗೆ — ಈ ನಾಲ್ಕು ಮಾತುಗಳಿಲ್ಲದ ಪಳೆಯುಳಿಕೆ, ಹೆಸರೂ ತಾರೀಖೂ ಇಲ್ಲದೆ ಪುಸ್ತಕದ ನಡುವೆ ಸಿಕ್ಕ ಹಳೆಯ ಪತ್ರದಂತೆ. ಸುಂದರವಾಗಿರಬಹುದು, ಯಾರು ಯಾರಿಗೆ ಬರೆದರೆಂದು ತಿಳಿಯುವುದಿಲ್ಲ. ಕಲ್ಲಿಗೆ ಸಂಖ್ಯೆ ಹಾಕಿ, ಅದೇ ಸಂಖ್ಯೆಯನ್ನು ಚೀಟಿಗೂ ಒಂದು ಪುಸ್ತಕಕ್ಕೂ ಹಾಕಿಟ್ಟರೆ ಕೈ ಬದಲಾದರೂ ಕಥೆ ಕಳೆಯದು.

ನನ್ನ ಅಮೋನೈಟ್ ಈಗಲೂ ನನ್ನ ಬಳಿ ಇದೆ. ಪುಸ್ತಕಗಳ ಕಪಾಟಿನಿಂದ ದೂರ, ಒಂದು ಗಾಜಿನ ಪೆಟ್ಟಿಗೆಯಲ್ಲಿ, ಹತ್ತಿಯ ಮೇಲೆ. ಕೆಲವು ವರ್ಷಗಳ ಹಿಂದೆ ಅದಕ್ಕೊಂದು ಹೊಸ ಚೀಟಿ ಬರೆದೆ. ಹಳ್ಳಿಯ ಹೆಸರನ್ನು ಊಹಿಸಿ ಬರೆಯಲು ಆಸೆಯಾಯಿತು. ಮಿತ್ರರು ಹೇಳಿದ್ದು ನೆನಪಿಗೆ ಬರುವಂತೆಯೂ ತೋರಿತು. ಆದರೆ ಹಾವಿನ ತಲೆ ಕೆತ್ತಿದವರನ್ನು ನೆನೆದು ಕೈ ತಡೆದೆ. ಚೀಟಿಯಲ್ಲಿ ಇಷ್ಟೇ ಇದೆ: “ಅಮೋನೈಟ್. ಅರಿಯಲೂರು ಪ್ರದೇಶ; ನಿರ್ದಿಷ್ಟ ಸ್ಥಳ ಕಳೆದುಹೋಗಿದೆ. ಮಿತ್ರರು ಕೊಟ್ಟದ್ದು, 1981. ಅದೇ ವರ್ಷ ನಾನು ಹುಣಿಸೆಹಣ್ಣು, ನಿಂಬೆರಸ ಹಾಕಿ ಕೆಡಿಸಿದ್ದು.”

ಸಾಲಿಗ್ರಾಮಗಳನ್ನು ಈಗ ನನ್ನ ಮೊಮ್ಮಗ ಒರೆಸಿಕೊಡುತ್ತಾನೆ.